ಹೊಲಿಗೆ ಬಿಚ್ಚುವ ಭಾನುವಾರಗಳು

ಗದಗದಲ್ಲಿ ನಮ್ಮ ಅಪ್ಪನದು ಒಂದೇ ಬಾಗಿಲಿನ ಟೇಲರ್ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋದರೆ ಅವನು ನನ್ನ ಕೈಗೆ ಸೂಜಿ ಕೊಡುತ್ತಿರಲಿಲ್ಲ, ಉದ್ದಕ್ಕೆ ಸೀಳಿದ ಅರ್ಧ ಬ್ಲೇಡು ಕೊಡುತ್ತಿದ್ದ. ಅದರ ಒಂದು ತುದಿಗೆ ಬಟ್ಟೆಯ ಚಿಂದಿ ಸುತ್ತಿ ದಾರ ಬಿಗಿದಿರುತ್ತಿತ್ತು. ರಿಪೇರಿಗೆ ಬಂದ ಪ್ಯಾಂಟು, ಅಂಗಿ, ಕೋಟುಗಳನ್ನು ಮೆಷಿನ್ನಿನ ಪಕ್ಕದ ಹಲಗೆಯ ಮೇಲೆ ಕೂತು ಬಿಚ್ಚುವುದೇ ನನ್ನ ಕೆಲಸವಾಗಿತ್ತು. ಹೊಲಿಗೆಯ ಒಂದು ಮಗ್ಗುಲಲ್ಲಿ ಮೂರು ಅಥವಾ ನಾಲ್ಕು ಟಾಕಿಗೆ ಒಂದರಂತೆ ದಾರ ಕತ್ತರಿಸುತ್ತ ಹೋಗಿ, ಬಟ್ಟೆಯನ್ನು ಮಗುಚಿ, ಇನ್ನೊಂದು ಮಗ್ಗುಲಿನ ದಾರದ ತುದಿ ಹಿಡಿದು ಮೆಲ್ಲಗೆ ಎಳೆದರೆ ಅದು ಕಡಿಯದೆ ಗೇಣುಗಟ್ಟಲೆ ಹೊರಗೆ ಬರುತ್ತದೆ. ಎಳೆ ಎಳೆಯಾಗಿ ಕೀಳಲು ಹೋದರೆ ಬಟ್ಟೆ ಹಿಸಿಯುತ್ತದೆ, ಹೊತ್ತೂ ಮೂರು ಪಟ್ಟು ಹಿಡಿಯುತ್ತದೆ. ಈಗ ಪುಣೆಯ ಕರ್ವೆನಗರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ನಾನು ಮಾಡುವುದೂ ಹೆಚ್ಚು ಕಡಿಮೆ ಇದನ್ನೇ. ಹಳೆಯ ಬಟ್ಟೆಯಿಂದ, ಹಳೆಯ ಸಾಮಾನಿನಿಂದ ಹೊಸದೇನಾದರೂ ಮಾಡುವುದು ಹೇಗೆಂದು ಪರಿಚಯದವರು ಕೇಳಿದಾಗಲೆಲ್ಲ ನಾನು ಬಿಚ್ಚುವುದರಿಂದಲೇ ಶುರುಮಾಡುತ್ತೇನೆ, ಅವರು ಹೊಲಿಗೆ ಮೆಷಿನ್ನಿನ ಬೆಲೆ ಕೇಳುತ್ತಿರುತ್ತಾರೆ.

ಸಾಮಾನಿಗೆ ನಾನು ಹೋಗುವುದು ಮಂಗಳವಾರ ಪೇಟೆಯ ಜೂನಾ ಬಜಾರಿಗೆ. ಬುಧವಾರ ಮತ್ತು ಭಾನುವಾರ ಅಲ್ಲಿ ನೆಲದ ಮೇಲೆ ತಾಡಪತ್ರಿ ಹಾಸಿ ಹಳೆಯ ಗಡಿಯಾರ, ಬೀಗದ ಕೈ, ಹಿತ್ತಾಳೆ ತಂಬಿಗೆ, ಬಡಗಿಯ ಉಳಿ, ಸ್ಟೂಲು, ಕನ್ನಡಿಯ ಚೌಕಟ್ಟು, ಬಟ್ಟೆಯ ರಾಶಿ ಎಲ್ಲವನ್ನೂ ಹರಡಿಕೊಂಡಿರುತ್ತಾರೆ. ನನ್ನ ಚೀಲದಲ್ಲಿ ಅಳತೆಯ ಟೇಪು, ಸಣ್ಣ ಅಯಸ್ಕಾಂತ, ಒದ್ದೆ ಮಾಡಿ ಹಿಂಡಿದ ಒಂದು ಬಿಳಿ ಕರ್ಚೀಫು ಇರುತ್ತವೆ. ಹಿತ್ತಾಳೆಯೆಂದು ತೋರಿಸಿದ ದೀಪಕ್ಕೆ ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣವಿದೆ ಎಂದು ಅರ್ಥ. ಕೆಂಪು ಅಥವಾ ಕಡುನೀಲಿ ಬಟ್ಟೆಯ ಒಳಮಗ್ಗುಲಿಗೆ ಕರ್ಚೀಫು ಒತ್ತಿ ತಿಕ್ಕಿದಾಗ ಬಣ್ಣ ಹತ್ತಿದರೆ, ಅದನ್ನು ಬೇರೆ ಬಟ್ಟೆಯ ಜೊತೆ ಸೇರಿಸಿ ಹೊಲಿಯುವ ಆಸೆಯನ್ನು ಅಲ್ಲಿಯೇ ಬಿಡುತ್ತೇನೆ.

ಬಟ್ಟೆಯನ್ನು ನಾನು ಮೊದಲು ತಿರುವಿ ಒಳಗಿನಿಂದ ನೋಡುತ್ತೇನೆ. ಮಾರ್ಜಿನ್, ಅಂದರೆ ಹೊಲಿಗೆಯಾಚೆ ಒಳಗೆ ಉಳಿಸಿದ ಬಟ್ಟೆ, ಎಷ್ಟು ಬಿಟ್ಟಿದ್ದಾರೆ, ಪ್ಯಾಂಟಿನ ಕಾಲಿನ ಮಡಿಕೆ ಎಷ್ಟು ಇಂಚು ಇದೆ, ಒಳಪದರದ ಅಸ್ತರವನ್ನು ಕೈಯಿಂದ ಹೊಲಿದಿದ್ದಾರೋ ಮೆಷಿನ್ನಿನಿಂದಲೋ ಎಂಬುದೆಲ್ಲ ಅಲ್ಲಿ ತಿಳಿಯುತ್ತದೆ. ಟೇಲರ್ ಹೊಲಿದ ಹಳೆಯ ಬಟ್ಟೆಯಲ್ಲಿ ಒಂದು ಇಂಚಿನ ಮಾರ್ಜಿನ್ ಸಿಗುವುದುಂಟು. ಈಗಿನ ರೆಡಿಮೇಡಿನಲ್ಲಿ ಓವರ್‌ಲಾಕ್ ಮಾಡಿದ, ಅಂದರೆ ಎಳೆ ಬಿಡದಂತೆ ಅಂಚಿಗೆ ದಾರ ಸುತ್ತಿದ, ಕಾಲು ಇಂಚು ಬಿಟ್ಟರೆ ಏನೂ ಇರುವುದಿಲ್ಲವಾದ್ದರಿಂದ ಅದನ್ನು ಚಿಕ್ಕದು ಮಾಡಬಹುದೇ ಹೊರತು ದೊಡ್ಡದು ಮಾಡಲಾಗುವುದಿಲ್ಲ. ಆಮೇಲೆ ಕಂಕುಳ ನೋಡಬೇಕು, ಬೆವರು ಕುಡಿದ ಬಟ್ಟೆ ಮೊದಲು ಅಲ್ಲಿಯೇ ಜೀರ್ಣವಾಗುತ್ತದೆ. ಪ್ಯಾಂಟನ್ನು ಬೆಳಕಿಗೆ ಹಿಡಿದು ಮೊಣಕಾಲು ಮತ್ತು ಕೂರುವ ಭಾಗ ಜಾಳಾಗಿದೆಯೇ ಎಂದು ನೋಡಬೇಕು. ಇವೆರಡೂ ಗಟ್ಟಿಯಿದ್ದರೆ ಗುಂಡಿ ಹೋಗಿದ್ದರೂ ಜಿಪ್ಪು ಕೆಟ್ಟಿದ್ದರೂ ಚಿಂತೆಯಿಲ್ಲ, ಚೌಕಾಸಿಗೆ ಅವೇ ಒದಗುತ್ತವೆ.

ಈ ರಾಶಿಗಳು ಎಲ್ಲಿಂದ ಬರುತ್ತವೆ ಎಂದು ನಮ್ಮ ಓಣಿಯಲ್ಲೇ ನೋಡಬಹುದು. ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಡಬ್ಬಿಯನ್ನೋ ಪಾತೇಲಿಯನ್ನೋ ಕೊಡುವ ಹೆಂಗಸನ್ನು ಮರಾಠಿಯಲ್ಲಿ ಬೋಹಾರೀಣ ಎನ್ನುತ್ತಾರೆ. ನಮ್ಮ ಊರಲ್ಲೂ ಈ ವ್ಯಾಪಾರ ಇತ್ತು. ಅವ್ವ ಮೂರು ಸೀರೆ ಕೊಟ್ಟು ಒಂದು ಗಂಗಾಳ ತೆಗೆದುಕೊಂಡು ಆಮೇಲೆ ವಾರಗಟ್ಟಲೆ ಮೋಸ ಹೋದೆನೆಂದು ಹಲುಬುತ್ತಿದ್ದಳು. ಹಾಗೆ ಹೋದ ಬಟ್ಟೆಗಳಲ್ಲಿ ಉಡುವಂಥವು ಒಗೆತ, ಇಸ್ತ್ರಿ ಕಂಡು ಮತ್ತೆ ಮಾರಾಟಕ್ಕೆ ಬರುತ್ತವೆ, ಹರಿದ ಹತ್ತಿ ಬಟ್ಟೆ ಗ್ಯಾರೇಜು ಮತ್ತು ಕಾರ್ಖಾನೆಗಳಲ್ಲಿ ಎಣ್ಣೆ ಒರೆಸಲು ಹೋಗುತ್ತದೆ, ಉಣ್ಣೆಯ ಹಳೆ ಬಟ್ಟೆ ಹರಿಯಾಣದ ಪಾಣಿಪತ್‌ನಂಥ ಕಡೆ ಸೇರಿ, ಅಲ್ಲಿ ಎಳೆಯಾಗಿ ಸಿಗಿದು, ನೂಲಾಗಿ, ಅಗ್ಗದ ಕಂಬಳಿಯಾಗಿ ಬರುತ್ತದೆ. ಅಂದರೆ ನಾವು ಮನೆಯಲ್ಲಿ ಮಾಡುವ ಕೆಲಸವನ್ನು ಒಂದು ಇಡೀ ಊರೇ ಯಂತ್ರ ಹಾಕಿ ಮಾಡುತ್ತಿದೆ.

ತಂದ ಬಟ್ಟೆ ಹತ್ತಿಯೋ ಅಲ್ಲವೋ ಎಂಬುದನ್ನು ಕೈಯಿಂದ ಮುಟ್ಟಿ ಹೇಳುತ್ತೇನೆಂಬ ಜಂಬ ನನಗೆ ಬಹಳ ದಿನ ಇತ್ತು. ಒಮ್ಮೆ ಅಪ್ಪಟ ಕಾಟನ್ ಎಂದು ಮಾರಾಟಗಾರ ಆಣೆ ಮಾಡಿ ಕೊಟ್ಟ ಕುರ್ತಾ ಇಸ್ತ್ರಿಯ ಬಿಸಿಗೆ ಅಂಟಿಕೊಂಡು ಮಿರಮಿರ ಮಿಂಚಿತು, ಜಂಬ ಅಂದೇ ಇಳಿಯಿತು. ಆಮೇಲೆ ಸುಟ್ಟು ನೋಡುವ ಪರೀಕ್ಷೆ ತಪ್ಪಿಸಿಲ್ಲ. ಮಾರ್ಜಿನ್ನಿನಿಂದ ನಾಲ್ಕೈದು ಎಳೆ ಹಿರಿದು, ಚಿಮಟದಲ್ಲಿ ಹಿಡಿದು, ನೀರು ಹಾಕಿದ ಸ್ಟೀಲ್ ತಟ್ಟೆಯ ಮೇಲೆ ಕಡ್ಡಿ ಗೀರಬೇಕು. ಹತ್ತಿ ಕಾಗದದಂತೆ ಉರಿದು, ಅದೇ ವಾಸನೆ ಬಿಟ್ಟು, ಮುಟ್ಟಿದರೆ ಹಾರುವ ಬೂದಿಯಾಗುತ್ತದೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ಕೂಡ ಹಾಗೆಯೇ ಉರಿಯುವುದರಿಂದ ಇವೆರಡನ್ನು ಬೆಂಕಿ ಬೇರ್ಪಡಿಸುವುದಿಲ್ಲ. ಆದರೆ ವಿಸ್ಕೋಸ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ, ನೆನೆಸಿದ ಎಳೆಯನ್ನು ಎಳೆದರೆ ಸುಲಭವಾಗಿ ಕಡಿಯುತ್ತದೆ. ರೇಷ್ಮೆ ಮತ್ತು ಉಣ್ಣೆ ಸುಟ್ಟ ಕೂದಲಿನ ವಾಸನೆ ಕೊಡುತ್ತವೆ, ಬೆಂಕಿ ದೂರ ಸರಿಸಿದರೆ ತಾವೇ ಆರುತ್ತವೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಸ್ಟರ್ ಮಾತ್ರ ಕರಗಿ, ಮುದುಡಿ, ತಣಿದ ಮೇಲೆ ಉಗುರಿಗೆ ಬಗ್ಗದ ಗಟ್ಟಿ ಮಣಿಯಾಗುತ್ತದೆ. ಈ ಮಣಿ ಮತ್ತು ಬೂದಿ ಎರಡೂ ಕಂಡರೆ ಬಟ್ಟೆ ಮಿಶ್ರ. ಅದೂ ಬೇಡವೆಂದೇನಲ್ಲ, ಚೀಲಕ್ಕೆ ಅದೇ ಒಳ್ಳೆಯದು.

ಒಗೆಯದೆ ಯಾವುದನ್ನೂ ಕತ್ತರಿಸಬಾರದು. ಬೇರೆಯವರು ಉಟ್ಟದ್ದೆಂಬ ಅಸಹ್ಯವೊಂದೇ ಇದಕ್ಕೆ ಕಾರಣವಲ್ಲ. ಹತ್ತಿ ಕುಗ್ಗುವುದಿದ್ದರೆ ಕತ್ತರಿಸುವ ಮೊದಲೇ ಕುಗ್ಗಲಿ ಎಂಬುದು ಮುಖ್ಯ. ಹತ್ತಿಯನ್ನು ಕುದಿಯುವ ನೀರಿನಲ್ಲಿ ಅದ್ದುತ್ತೇನೆ, ತಿಗಣೆಯ ಮೊಟ್ಟೆ ಇದ್ದರೂ ಆ ಬಿಸಿಗೆ ಉಳಿಯುವುದಿಲ್ಲ. ಅರಿಸಿನದ ಕಲೆಗೆ ಸೋಪು ಹಾಕಿದರೆ ಕ್ಷಾರಕ್ಕೆ ಅದು ಕೆಂಪಗಾಗಿ ಹೆದರಿಸುತ್ತದೆ, ಆದರೆ ತೊಳೆದು ಎರಡು ದಿನ ಬಿಸಿಲಿಗೆ ಹಾಕಿದರೆ ತಾನಾಗಿಯೇ ಮಾಯುತ್ತದೆ. ಕಬ್ಬಿಣದ ತುಕ್ಕಿನ ಕಲೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿಗಿಡಬೇಕು. ಬ್ಲೀಚಿಂಗ್ ದ್ರಾವಣವನ್ನು ರೇಷ್ಮೆ ಮತ್ತು ಉಣ್ಣೆಯ ಹತ್ತಿರವೂ ತರಬಾರದು, ಎಳೆಯೇ ಕರಗಿ ಹೋಗುತ್ತದೆ.

ಇನ್ನು ಹೊಲಿಗೆ. ನಾನು ಮಾಡುವ ಕೆಲಸಗಳಲ್ಲಿ ಅತಿ ಕಡಿಮೆ ಖರ್ಚಿನದು ಕಾಲರ್ ತಿರುವುವುದು. ಗಂಡಸರ ಅಂಗಿಯಲ್ಲಿ ಉಳಿದೆಲ್ಲವೂ ಗಟ್ಟಿಯಿದ್ದು ಕಾಲರಿನ ಮಡಿಕೆ ಮಾತ್ರ ಗಡ್ಡಕ್ಕೆ ತಿಕ್ಕಿ ತಿಕ್ಕಿ ಸವೆದು ಎಳೆ ಬಿಟ್ಟಿರುತ್ತದೆ. ಅಂಗಿಯನ್ನು ಎಸೆಯುವುದು ಈ ಒಂದು ಗೆರೆಗಾಗಿ. ಕಾಲರಿನಲ್ಲಿ ಎರಡು ಭಾಗಗಳಿವೆ: ಕುತ್ತಿಗೆಗೆ ನೆಟ್ಟಗೆ ನಿಲ್ಲುವ ಪಟ್ಟಿ, ಅದರ ಎರಡು ಪದರಗಳ ನಡುವೆ ಸಿಕ್ಕಿಸಿ ಹೊಲಿದ, ಹೊರಗೆ ಮಡಚಿ ಬೀಳುವ ಎಲೆ. ಪಟ್ಟಿಯನ್ನು ಅಂಗಿಯಿಂದ ಬಿಡಿಸುವ ಅಗತ್ಯವೇ ಇಲ್ಲ. ಎಲೆಯ ಸರಿ ಮಧ್ಯಕ್ಕೆ ಮತ್ತು ಪಟ್ಟಿಯ ಸರಿ ಮಧ್ಯಕ್ಕೆ ಒಂದೊಂದು ಗುಂಡುಸೂಜಿ ಚುಚ್ಚಿ ಗುರುತಿಟ್ಟು, ಪಟ್ಟಿಯ ಮೇಲಂಚಿನ ಹೊಲಿಗೆಯನ್ನಷ್ಟೇ ಬಿಚ್ಚಿದರೆ ಎಲೆ ಕಳಚಿ ಕೈಗೆ ಬರುತ್ತದೆ. ಆ ಬಿಚ್ಚಿದ ಸಂದಿಯಲ್ಲಿ ವರ್ಷಗಳ ಧೂಳು ಕಪ್ಪು ಗೆರೆಯಾಗಿ ಕೂತಿರುತ್ತದೆ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ ತೆಗೆಯಬೇಕು. ಸವೆದ ಗೆರೆಯ ಮೇಲೆ ತೆಳ್ಳನೆಯ ಮಲಮಲ್ ಪಟ್ಟಿಯಿಟ್ಟು ಮೆಷಿನ್ನಿನಲ್ಲಿ ಹಿಂದೆ ಮುಂದೆ ನಾಲ್ಕು ಸಲ ಓಡಿಸಿ, ಎಲೆಯನ್ನು ಮಗುಚಿ, ಮೇಲಿದ್ದದ್ದು ಕೆಳಗೆ ಬರುವಂತೆ ಮತ್ತೆ ಅದೇ ಸಂದಿಯಲ್ಲಿ ಸಿಕ್ಕಿಸಬೇಕು. ಗುಂಡುಸೂಜಿಗಳ ಗುರುತು ಕೂಡಿಸಿ, ಎರಡು ತುದಿಗಳನ್ನು ಮೊದಲು ಹೊಂದಿಸಿ, ಆಮೇಲೆ ಬಿಚ್ಚಿಹಾಕುವ ಕಚ್ಚಾ ಹೊಲಿಗೆ ಹಾಕಿ, ಹಳೆಯ ಸೂಜಿಯ ತೂತುಗಳ ಮೇಲೆಯೇ ಹೊಲಿದರೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಖರ್ಚೆಂದರೆ ಒಂದಿಷ್ಟು ದಾರ.

ಇದರಲ್ಲಿ ಎರಡು ಪೇಚುಗಳಿವೆ. ಈಗಿನ ಅಂಗಿಗಳಲ್ಲಿ ಕಾಲರನ್ನು ಗಟ್ಟಿಯಾಗಿಡುವ ಒಳಬಟ್ಟೆಯಾದ ಬಕ್ರಂ ಅನ್ನು ಎಲೆಯ ಮೇಲ್ಪದರಕ್ಕೆ ಬಿಸಿಯಿಂದ ಅಂಟಿಸಿರುತ್ತಾರೆ; ತಿರುವಿದಾಗ ಬಕ್ರಂ ಇಲ್ಲದ ಪದರ ಮೇಲೆ ಬರುವುದರಿಂದ ಅದು ತುಸು ಉಬ್ಬಿದಂತೆ ಕಾಣಬಹುದು, ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಕೂರುತ್ತದೆ. ಎರಡನೆಯದು, ಕಾಲರಿನ ಮೂಲೆ ನೆಟ್ಟಗಿರಲೆಂದು ಪ್ಲಾಸ್ಟಿಕ್ ಕಡ್ಡಿ ತೂರಿಸುವ ಸಂದು ಕೆಳಮಗ್ಗುಲಲ್ಲಿದ್ದರೆ ತಿರುವಿದ ಮೇಲೆ ಅದು ಊರಿಗೆಲ್ಲ ಕಾಣುತ್ತದೆ. ಅಂಥ ಅಂಗಿಗೆ ನಾನು ಎಲೆಯನ್ನೇ ತೆಗೆದುಹಾಕಿ, ಪಟ್ಟಿಯ ಬಾಯಿ ಹೊಲಿದು, ಕುರ್ತಾದ ಥರ ನಿಲುವು ಕಾಲರ್ ಮಾಡಿಬಿಡುತ್ತೇನೆ. ನನ್ನ ಗಂಡ ಕಚೇರಿಗೆ ಹಾಕಿಕೊಂಡು ಹೋಗುವ ಅಂಗಿಗಳಲ್ಲಿ ಮೂರು ಹೀಗೆ ಆದವು. ಯಾವ ಅಂಗಡಿಯವೆಂದು ಸಹೋದ್ಯೋಗಿ ಕೇಳಿದರಂತೆ, ಇವರು ಸಂಕೋಚದಿಂದ ಲಕ್ಷ್ಮೀ ರಸ್ತೆ ಎಂದು ಸುಳ್ಳು ಹೇಳಿ ಬಂದಿದ್ದಾರೆ.

ಬಣ್ಣ ಹಾಕುವ ವಿಷಯದಲ್ಲಿ ನನಗೆ ಬಿದ್ದ ಪೆಟ್ಟನ್ನು ಹೇಳಲೇಬೇಕು. ಹಳದಿಗಟ್ಟಿದ ಒಂದು ಬಿಳಿ ಕುರ್ತಾವನ್ನು ಸುಟ್ಟು ನೋಡಿ, ಹತ್ತಿಯೆಂದು ಖಾತ್ರಿ ಮಾಡಿಕೊಂಡು, ಪ್ಯಾಕೆಟ್ಟಿನ ನೀಲಿ ಬಣ್ಣ ಮತ್ತು ಉಪ್ಪು ಹಾಕಿ ಅರ್ಧ ಗಂಟೆ ಕುದಿಸಿದೆ. ಬಟ್ಟೆ ಚೆಂದಾಗಿ ಬಣ್ಣ ಕುಡಿಯಿತು. ಆದರೆ ಹೊಲಿಗೆಯ ದಾರ ಪಾಲಿಸ್ಟರ್. ಈ ಬಣ್ಣ ಅದಕ್ಕೆ ಹತ್ತುವುದಿಲ್ಲ. ಒಣಗಿದ ಮೇಲೆ ನೋಡಿದರೆ ಕುತ್ತಿಗೆ, ತೋಳು, ಪಕ್ಕ, ಕೆಳಗಿನ ಮಡಿಕೆ ಎಲ್ಲೆಲ್ಲೂ ಬಿಳಿಯ ಟಾಕುಗಳು ಇರುವೆ ಸಾಲಿನಂತೆ ಎದ್ದು ಕೂತಿದ್ದವು. ಆಗ ನಮ್ಮಲ್ಲಿಗೆ ಬಂದಿದ್ದ ಅವ್ವ ಅದನ್ನು ನೋಡಿ, “ಕಚ್ಚಾ ಹೊಲಿಗಿ ತಗಿಯೂದು ಮರತಿ ಏನ ಯವ್ವಾ?” ಎಂದಳು. ಒಂದು ಸಂಜೆ ಪೂರ್ತಿ ಆ ಬಿಳಿ ದಾರ ಬಿಚ್ಚಿ, ನೀಲಿ ದಾರದಿಂದ ಮತ್ತೆ ಹೊಲಿದೆ. ಈಗ ಬಣ್ಣಕ್ಕೆ ಇಳಿಸುವ ಮೊದಲು ಹೊಲಿಗೆಯ ದಾರವನ್ನೂ ಒಂದು ತುಂಡು ಸುಟ್ಟು ನೋಡುತ್ತೇನೆ.

ಮನೆಯ ಅಲಂಕಾರಕ್ಕೆ ಬಂದರೆ ಸೀರೆಯಷ್ಟು ಒದಗುವ ಬಟ್ಟೆ ಮತ್ತೊಂದಿಲ್ಲ. ಐದೂವರೆ ಮೀಟರಿನ ಸೀರೆ ಎಂದರೆ ಸುಮಾರು 216 ಇಂಚು. ಬಾಗಿಲಿನ ಪರದೆಗೆ 84 ಇಂಚು ಬೇಕು. ಮೇಲೆ ಸಲಾಕೆ ತೂರಿಸಲು ಮತ್ತು ಕೆಳಗಿನ ಮಡಿಕೆಗೆ ಒಟ್ಟು 8 ಇಂಚು ಸೇರಿಸಿದರೆ 92. ಎರಡು ಪರದೆಗೆ 184 ಹೋಗಿ 32 ಇಂಚು ಉಳಿಯುತ್ತದೆ. ಸೀರೆಯ ಅಗಲ 45 ಇಂಚಿರುವುದರಿಂದ, ಈ ಉಳಿಕೆಯಲ್ಲಿ 17 ಇಂಚಿನ ಎರಡು ಚೌಕ ತೆಗೆದು 16 ಇಂಚಿನ ದಿಂಬಿಗೆ ಮುಖ ಮಾಡಬಹುದು. ದಿಂಬಿನ ಬೆನ್ನಿಗೆ ಹಳೆಯ ಅಂಗಿಯ ಮುಂಭಾಗವನ್ನು ಗುಂಡಿ ಹಾಕಿದ ಹಾಗೆಯೇ ಇಟ್ಟು ಕತ್ತರಿಸಿದರೆ ಕಾಜ, ಗುಂಡಿ, ಪಟ್ಟಿ ಎಲ್ಲ ಸಿದ್ಧವಾಗಿ ಸಿಗುತ್ತವೆ, ಜಿಪ್ಪಿನ ಖರ್ಚಿಲ್ಲ. ಒಂದೇ ಎಚ್ಚರ: ಚೌಕದ ಮೇಲಿನ ಮತ್ತು ಕೆಳಗಿನ ಅಂಚಿನಿಂದ ಅರ್ಧ ಇಂಚಿನೊಳಗೆ ಗುಂಡಿ ಬರಬಾರದು, ಬಂದರೆ ಸೂಜಿ ಮುರಿಯುತ್ತದೆ. ಸೂಜಿಯ ಮಾತು ಬಂದಾಗ ಹೇಳುವುದಾದರೆ, ಹತ್ತಿಗೆ 14ನೇ ನಂಬರು, ಜೀನ್ಸಿಗೆ 16, ತೆಳು ರೇಷ್ಮೆಗೆ 9 ಅಥವಾ 11. ಎಲ್ಲಕ್ಕೂ ಒಂದೇ ಸೂಜಿ ಓಡಿಸಿ ಮೆಷಿನ್ನನ್ನು ಬೈಯುವವರನ್ನು ನಾನು ಬಹಳ ಕಂಡಿದ್ದೇನೆ.

ಪರದೆಗೆ ರೇಷ್ಮೆ ಸೀರೆ ಬೇಡ. ನಮ್ಮ ಪಡುವಣ ಕಿಟಕಿಗೆ ಏಪ್ರಿಲ್, ಮೇ ತಿಂಗಳ ಬಿಸಿಲು ಹೊಡೆದರೆ ರೇಷ್ಮೆ ಒಂದೆರಡು ವರ್ಷದಲ್ಲಿ ಮಡಿಕೆ ಮಡಿಕೆಗೆ ಬಿರಿಯುತ್ತದೆ. ಹಳೆಯ ನಿಜವಾದ ಜರಿಯ ಸೀರೆಯಾದರೆ ಕತ್ತರಿ ಹಾಕುವ ಮೊದಲು ಜರಿ ಕೊಳ್ಳುವವರಿಗೆ ತೋರಿಸುವುದು ಒಳ್ಳೆಯದು, ಅವರು ಅದರೊಳಗಿನ ಬೆಳ್ಳಿಗೆ ಬೆಲೆ ಕಟ್ಟುತ್ತಾರೆ.

ಇಳಕಲ್ ಸೀರೆಯ ಲೆಕ್ಕ ಬೇರೆ. ಪುಣೆಯಲ್ಲಿ ಇದಕ್ಕೆ ಇರಕಲ್ ಎನ್ನುತ್ತಾರೆ, ಹಳೆಯ ಪೇಟೆಗಳಲ್ಲಿ ಉಟ್ಟ ಅಜ್ಜಿಯರು ಇನ್ನೂ ಕಾಣಸಿಗುತ್ತಾರೆ. ನನ್ನ ಅಜ್ಜಿಯ ಸೀರೆಯಲ್ಲಿ ಹತ್ತಿಯ ಒಡಲು ಮೊಣಕಾಲಿನ ಜಾಗದಲ್ಲಿ ಪೂರ್ತಿ ಸವೆದು ಹೋಗಿದ್ದರೂ ರೇಷ್ಮೆಯ ಕೆಂಪು ಸೆರಗು ಮಾತ್ರ ನಿನ್ನೆ ಮಗ್ಗದಿಂದ ಇಳಿಸಿದಂತಿತ್ತು. ಈ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಒಂದರ ಕುಣಿಕೆಯಲ್ಲಿ ಒಂದನ್ನು ಸಿಕ್ಕಿಸಿ ಜೋಡಿಸುವ ಪದ್ಧತಿಗೆ ತೋಪು ತೆನೆ ಎಂದು ಹೆಸರು. ಹಾಗಾಗಿ ಸೆರಗನ್ನು ಬೇರ್ಪಡಿಸುವಾಗ ಆ ಜೋಡಣೆಯ ಗೆರೆಗೆ ಕತ್ತರಿ ತಾಗಿಸಬಾರದು, ಕುಣಿಕೆಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಒಡಲಿನ ಕಡೆ ನಾಲ್ಕು ಇಂಚು ಬಿಟ್ಟು ಕತ್ತರಿಸಿ, ಅಷ್ಟನ್ನೂ ಹಿಂದೆ ಮಡಚಿ, ಅಪ್ಪನ ಹಳೆಯ ಧೋತರದ ಅಸ್ತರ ಕೊಟ್ಟು ಕೈಹೊಲಿಗೆಯಲ್ಲಿ ಕೂಡಿಸಿದೆ. ಈಗ ಅದು ನಮ್ಮ ಹಜಾರದ ಗೋಡೆಯ ಮೇಲೆ, ಬಿಸಿಲು ಬೀಳದ ಕಡೆ, ಒಂದು ಮರದ ಕೋಲಿಗೆ ತೂಗಿಕೊಂಡಿದೆ. ಸವೆದ ಒಡಲು ಕೌದಿಗೆ ಹೋಯಿತು.

ಕೌದಿಯ ಹೆಸರೆತ್ತಿದರೆ ಪಕ್ಕದ ಮನೆಯ ಕಾಕೂ ಅದು ತಮ್ಮ ಗೋಧಡಿ ಎನ್ನುತ್ತಾರೆ. ಇಬ್ಬರದೂ ಅದೇ ಕೆಲಸ: ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಉದ್ದಕ್ಕೂ ಓಡುವ ಹೊಲಿಗೆ ಹಾಕುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಅದನ್ನು ಕವಂದಿ ಎನ್ನುತ್ತಾರೆ, ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ತ್ರಿಕೋನದ ಹೂ ಇಡದೆ ಮುಗಿಸುವುದಿಲ್ಲ. ನಾನು ಹೊಲಿಯುವುದು ಅಜ್ಜಿಯ ರೀತಿಯಲ್ಲಿ. ನೆಲ ಒರೆಸಿ, ತಳದ ಸೀರೆ ಹಾಸಿ, ನಡುವೆ ಎರಡು ಪದರ ಹಾಕಿ, ಮೇಲಿನದನ್ನು ಹರಡಿ, ನಡುವಿನಿಂದ ಅಂಚಿನ ಕಡೆಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತೇನೆ. ಅಂಚಿನಿಂದ ಶುರುಮಾಡಿದರೆ ಗಾಳಿ ಮತ್ತು ಸುಕ್ಕು ಎರಡೂ ನಡುವೆ ಸಿಕ್ಕಿಬೀಳುತ್ತವೆ. ಆಮೇಲೆ ಇಂಚಿಗೊಂದು ಸಾಲು. ನಾಲ್ಕಡಿ ಅಗಲದ ಕೌದಿಗೆ 48 ಸಾಲು, ರಾತ್ರಿ ಊಟವಾದ ಮೇಲೆ ದಿನಕ್ಕೊಂದರಂತೆ ಹಾಕಿದರೆ ಸರಿಯಾಗಿ ಒಂದು ಮಂಡಲ. ಯಾವ ಹರಕೆಯನ್ನೂ ನಾನು ಇಷ್ಟು ನಿಷ್ಠೆಯಿಂದ ನಡೆಸಿದವಳಲ್ಲ. ಒಳಪದರಕ್ಕೆ ಜಾರುವ ಪಾಲಿಸ್ಟರ್ ಸೀರೆ ಹಾಕುವ ಆಸೆಗೆ ಮಾತ್ರ ಬೀಳಬಾರದು, ಬೆವರು ಹೀರುವುದಿಲ್ಲ, ಒಗೆದಾಗ ಒಳಗೇ ಸರಿದು ಗಂಟಾಗುತ್ತದೆ.

ಮರದ ಸಾಮಾನಿನಲ್ಲೂ ಮೊದಲ ಕೆಲಸ ಬಿಚ್ಚುವುದೇ, ಅಲ್ಲಿ ಬಿಚ್ಚುವುದು ಬಣ್ಣವನ್ನು. ಜೂನಾ ಬಜಾರಿನಲ್ಲಿ 350 ರೂಪಾಯಿಗೆ ತಂದ ಒಂದು ಸ್ಟೂಲಿನ ಮೇಲೆ ಹಸಿರು, ಅದರ ಕೆಳಗೆ ಕಂದು, ಅದರ ಕೆಳಗೆ ಮತ್ತೇನೋ ಹಾಲುಬಣ್ಣ ಇತ್ತು. ಎತ್ತಿದರೆ ಕೈಗೆ ಹತ್ತುವ ಭಾರ ನೋಡಿಯೇ ಒಳಗೆ ಸಾಗುವಾನಿ ಇರಬೇಕೆಂದು ತಂದೆ. ಕೊಳ್ಳುವಾಗ ಕಾಲಿನ ಬುಡದಲ್ಲಿ ಸಣ್ಣ ತೂತು ಮತ್ತು ಹಿಟ್ಟಿನಂಥ ಪುಡಿ ಇದೆಯೇ ಎಂದು ನೋಡಲು ಮರೆಯಬಾರದು. ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿದೆ, ಮನೆಯ ಉಳಿದ ಮರಕ್ಕೂ ಅದು ಹಬ್ಬುತ್ತದೆ. ಹಳೆಯ ಎಣ್ಣೆ ಬಣ್ಣವನ್ನು ಒಣಗಿದ ಹಾಗೆಯೇ ಪಾಲಿಶ್ ಪೇಪರಿನಿಂದ ತಿಕ್ಕುವುದು ಅಪಾಯ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಅದಕ್ಕಿಂತ ಹಳೆಯ ಬಣ್ಣದ ಧೂಳಿನಲ್ಲಿ ಸೀಸ ಇರಬಹುದು ಎಂದುಕೊಂಡೇ ಕೆಲಸ ಮಾಡಬೇಕು. ಮಕ್ಕಳನ್ನು ದೂರವಿಟ್ಟು, ತೆರೆದ ಬಾಲ್ಕನಿಯಲ್ಲಿ ಮುಖಕ್ಕೆ ಮಾಸ್ಕ್, ಕೈಗೆ ಗವಸು ಹಾಕಿಕೊಂಡು, ಬಣ್ಣ ತೆಗೆಯುವ ದ್ರಾವಣ ಹಚ್ಚಿ, ಬಣ್ಣ ಒದ್ದೆಯಿದ್ದಾಗಲೇ ಪಟ್ಟಿಯಿಂದ ಹೆರೆದು, ಹೆರೆದದ್ದನ್ನು ಕಾಗದದಲ್ಲಿ ಕಟ್ಟಿ ಹಾಕಬೇಕು. ಬರಿ ಮರ ಕಂಡ ಮೇಲೆ 80, 120, 220 ಹೀಗೆ ಒರಟಿನಿಂದ ನಯಕ್ಕೆ ಪೇಪರು ಬದಲಿಸುತ್ತ ಎಳೆಯ ದಿಕ್ಕಿನಲ್ಲಿ ಉಜ್ಜಿದೆ. ಮೂರು ಭಾನುವಾರ ಹಿಡಿಯಿತು. ಮೂರನೆಯ ದಿನ ಸಂಜೆ ಒದ್ದೆ ಬಟ್ಟೆ ಎಳೆದಾಗ ಆ ಮರದ ಗೆರೆಗಳು ಎದ್ದು ಬಂದ ರೀತಿಗೆ ನಾನು ಸ್ಟೂಲಿನ ಮುಂದೆ ಸುಮ್ಮನೆ ಕೂತುಬಿಟ್ಟೆ.

ಅಷ್ಟೆಲ್ಲ ಮಾಡಿ ಜುಲೈ ತಿಂಗಳಲ್ಲಿ ಪಾಲಿಶ್ ಹಚ್ಚಿದ್ದು ನನ್ನ ಮೂರ್ಖತನ. ರವಿವಾರ ಪೇಟೆಯ ಬೋಹ್ರಿ ಆಳಿಯಲ್ಲಿ ಅರಗಿನ ಚಕ್ಕೆ ತಂದು, ಅರ್ಧ ಲೀಟರ್ ಸ್ಪಿರಿಟ್‌ಗೆ 60 ಗ್ರಾಂನಂತೆ ರಾತ್ರಿಯಿಡೀ ನೆನೆಸಿ, ಸೋಸಿ, ಹತ್ತಿಯುಂಡೆಯಿಂದ ತೆಳ್ಳಗೆ ಹಚ್ಚಿದೆ. ಹೊರಗೆ ಮಳೆ ಜಿಟಿಜಿಟಿ ಸುರಿಯುತ್ತಿತ್ತು. ಸ್ಪಿರಿಟ್ ಹಾರುವಾಗ ಗಾಳಿಯ ತೇವ ಪಾಲಿಶಿನೊಳಗೆ ಸಿಕ್ಕಿ, ಬೆಳಗಾಗುವಷ್ಟರಲ್ಲಿ ಇಡೀ ಸ್ಟೂಲಿಗೆ ಬೂಷ್ಟು ಹಿಡಿದಂಥ ಬಿಳಿ ಮಬ್ಬು ಬಂದಿತ್ತು. ನವೆಂಬರಿನ ಒಣ ಹವೆ ಬರುವ ತನಕ ಕಾದು, ಬರಿಯ ಸ್ಪಿರಿಟ್ ಸವರಿದಾಗ ಹಳೆಯ ಪಾಲಿಶ್ ಕರಗಿ ಮಬ್ಬು ಬಿಟ್ಟಿತು. ಈಗಲೂ ಅದರ ಮೇಲೆ ಬಿಸಿ ಚಹಾದ ಲೋಟ ಇಡಲು ಬಿಡುವುದಿಲ್ಲ, ಅರಗು ಬಿಸಿ ತಾಳುವುದಿಲ್ಲ. ಕೂತರೆ ಕುಸಿಯುತ್ತಿದ್ದ ಹಳೆಯ ಮಂಚಕ್ಕೆ ಹೊಸ ನವಾರ ಪಟ್ಟಿ ನೇಯ್ದದ್ದು ಇದರ ಮುಂದೆ ಅರ್ಧ ದಿನದ ಆಟ.

ಇಷ್ಟಾದರೂ ಕೆಲವನ್ನು ನಾನು ಮಾಡುವುದಿಲ್ಲ. ಬಾಟಲಿಗೆ ಸೆಣಬಿನ ಹಗ್ಗ ಸುತ್ತಿ ಅಂಟು ಹಚ್ಚುವುದು, ಹಳೆಯ ಸಿ.ಡಿ.ಗಳನ್ನು ಗೋಡೆಗೆ ಮೆತ್ತುವುದು, ಇವೆಲ್ಲ ಮೂರು ತಿಂಗಳಿಗೆ ಧೂಳು ಹಿಡಿದು ಮತ್ತೆ ಕಸಕ್ಕೇ ಹೋಗುತ್ತವೆ, ಅದಕ್ಕೆ ಅಂಟಿನ ಖರ್ಚು ಬೇರೆ. ಅಂಟಿಸಿದ್ದನ್ನು ಮತ್ತೆ ಬಿಚ್ಚಲಾಗದು ಎಂಬುದೇ ನನ್ನ ದೊಡ್ಡ ತಕರಾರು. ಹೊಲಿದದ್ದನ್ನು ಬೇಸರ ಬಂದರೆ ಬಿಚ್ಚಿ ಇನ್ನೊಂದು ಮಾಡಬಹುದು. ಹಾಗೆಯೇ ಹತ್ತು ರೂಪಾಯಿಯ ಅಂಗಿಗೆ ನೂರೈವತ್ತು ರೂಪಾಯಿಯ ಲೇಸು ಹಚ್ಚಿ ಮಿತವ್ಯಯವೆಂದು ಹೇಳಿಕೊಳ್ಳುವುದೂ ನನಗೆ ಒಗ್ಗದು. ರವಿವಾರ ಪೇಟೆಯ ಲೇಸಿನ ಅಂಗಡಿಗೆ ಹೋಗುವ ದಿನ ನಾನು ಪರ್ಸಿನಲ್ಲಿ ಎಣಿಸಿಟ್ಟ ಹಣವನ್ನಷ್ಟೇ ಒಯ್ಯುತ್ತೇನೆ, ಅಲ್ಲಿ ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ಈಗ ಮೇಜಿನ ಮೇಲೆ ಒಂದು ಬೂದುಬಣ್ಣದ ಉಣ್ಣೆಯ ಕೋಟು ಇದೆ. ಮಗಳಿಗೆ ಚಳಿಗಾಲದ ಜಾಕೆಟ್ ಮಾಡುವ ಯೋಚನೆಯಿಂದ ತಂದದ್ದು. ಅಸ್ತರ ಬಿಚ್ಚಿದಾಗ ಆಕಾರಕ್ಕೆಂದು ಎದೆಯ ಒಳಗಿಟ್ಟ ಗಟ್ಟಿ ಕ್ಯಾನ್ವಾಸಿನ ಮೇಲೆ ಕೈಯಿಂದ ಹಾಕಿದ ಓರೆ ಟಾಕುಗಳು ಸಾಲು ಸಾಲಾಗಿ, ಒಂದಿಷ್ಟೂ ಅಳತೆ ತಪ್ಪದೆ, ಎದೆಯ ಮೇಲೆ ಮಡಚಿ ಬೀಳುವ ಲೇಪಲ್ಲಿನ ತುದಿಯವರೆಗೆ ಹೋಗಿದ್ದವು. ಬಟ್ಟೆಯ ಮೇಲ್ಮಗ್ಗುಲಿಗೆ ಒಂದು ಎಳೆಯೂ ಕಾಣದಂತೆ ಹಾಕಿದ ಇಂಥ ಹೊಲಿಗೆಯನ್ನು ಅಪ್ಪನ ಅಂಗಡಿ ಬಿಟ್ಟ ಮೇಲೆ ನಾನು ನೋಡಿರಲಿಲ್ಲ. ಬೆನ್ನಿನ ಮಾರ್ಜಿನ್ನಿನಲ್ಲಿ ಸೀಮೆಸುಣ್ಣದಿಂದ ಬರೆದ ಮರಾಠಿ ಅಂಕಿಗಳು ಇನ್ನೂ ಅಳಿಸಿಲ್ಲ, ಅರ್ಧ ಇಂಚು ಬಿಡಿಸಬೇಕೆಂಬ ಗುರುತೂ ಇದೆ. ತೋಳು, ಬೆನ್ನು, ಪಕ್ಕ ಎಲ್ಲವನ್ನೂ ಬೇರ್ಪಡಿಸಿದ್ದೇನೆ, ಎದೆಯ ಭಾಗವನ್ನು ಇದ್ದ ಹಾಗೆಯೇ ಉಳಿಸಿಕೊಂಡು ಅದರ ಸುತ್ತ ಜಾಕೆಟ್ ಹೇಗೆ ಕತ್ತರಿಸುವುದೆಂದು ಎರಡು ವಾರದಿಂದ ಕಾಗದದ ಮೇಲೆ ಗೀಚುತ್ತಿದ್ದೇನೆ. ಎಡತೋಳಿನ ಅಸ್ತರ ಇನ್ನೂ ಬಿಚ್ಚುವುದಿದೆ. ಬ್ಲೇಡು ಮೊಂಡಾಗಿದೆ, ನಾಳೆ ಕಚೇರಿಯಿಂದ ಬರುವಾಗ ಹೊಸದೊಂದು ತರಬೇಕು.